ಎಲ್ಲಿಗೆ ಆಮ್ಯಾಲ, ಯಾವಾಗ ಮೊದ್ಲ

ನಮ್ಮ ಬೆಟಗೇರಿ ಓಣ್ಯಾಗ ಊರು ತಿರಗೂದು ಕಡಿಮಿ, ತಿರಗೂ ಮಾತು ಜಾಸ್ತಿ. ಪಕ್ಕದ ಮನಿ ಮಾಸ್ತರು ರಿಟೈರ್ ಆದಮ್ಯಾಲಂತೂ ಕಂಪೌಂಡ್ ಗ್ವಾಡಿಗೆ ಮೊಣಕೈ ಊರಿ ನಿಂತ್ರು ಅಂದ್ರ ಭಾರತಾನ ಒಂದು ಸುತ್ತು ಹಾಕಿಸಿ ಬಿಡತಾರ.

"ಈ ವರ್ಷ ಪಕ್ಕಾ, ತಮ್ಮಾ. ಕಾಶಿ, ಅಲ್ಲಿಂದ ಕೇದಾರ, ಹೊಳ್ಳಿ ಬರೂ ಮುಂದ ಜೈಪುರ, ಕಡೀಕ ಕೇರಳ."

"ಎಲ್ಲಾ ಒಂದ ಸಲಕ್ಕೇನ್ರಿ ಸರ? ಚಳಿಗಾಲದಾಗ ಕಾಶಿ, ಜೈಪುರ ಚಲೋ. ಆದ್ರ ಕೇದಾರದ ಗುಡಿ ಮುಚ್ಚಿರತೈತಿ. ದೀಪಾವಳಿ ಬೆನ್ನಿಗೆ ಹಾಕಿದ ಬಾಗಲಾ ತಗಿಯೂದು ಅಕ್ಷಯ ತೃತೀಯಾದ ಹಿಂದುಮುಂದು. ಮೇದಾಗ ಹೊಂಟ್ರ ಕೇದಾರ ಸಿಗತೈತಿ, ಕಾಶ್ಯಾಗ 40 ಡಿಗ್ರಿ ಮ್ಯಾಲ ಬಿಸಲು. ತಡಾ ಆಗಿ ಜೂನ್‌ನ್ಯಾಗ ಕೇರಳ ಮುಟ್ಟಿದ್ರ ಮಳಿ."

ಮಾಸ್ತರ ಮನಿ ಅಕ್ಕಾರು ಕಟ್ಟಿ ಮ್ಯಾಲ ಕಡ್ಲಿ ಸೊಪ್ಪು ಸೋಸಾಕತ್ತಿದ್ರು. ತವರುಮನಿ ಶಿರಹಟ್ಟಿ ಕಡೆ. ಮಾತಿನ್ಯಾಗ ಕೈ ಹಾಕೇ ಬಿಟ್ರು.

"ನಮ್ಮ ಮಾಗಡಿ ಕೆರಿ ಹಕ್ಕಿಗಿದ್ದಷ್ಟು ಬುದ್ಧಿ ನಿಮಗಿಲ್ಲ ನೋಡ್ರಿ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯಾ ದಾಟಿ ಬರತಾವು, ಆ ಪಟ್ಟೆತಲೆ ಹೆಬ್ಬಾತು. ಅಲ್ಲಿ ನೀರು ಹೆಪ್ಪುಗಟ್ಟೂ ಮೊದ್ಲ ಹೊಂಡತಾವು, ನಮ್ಮಲ್ಲಿ ಬಿಸಲು ಏರೂದ್ರಾಗ ಹೊಳ್ಳತಾವು. ಯಾವಾಗ ಅನ್ನೂದು ಗಟ್ಟಿ, ಎಲ್ಲಿ ಅನ್ನೂದು ಅದರ ಬೆನ್ನ ಹಿಂದ. ದಾರ್‍ಯಾಗ ಜೈಪುರಾನೂ ನೋಡೂಣು ಅನ್ನೂದಿಲ್ಲ."

ಖರೇನ. ಗದಗ–ಲಕ್ಷ್ಮೇಶ್ವರ ದಾರ್‍ಯಾಗ ಇಳದು ನಾನೂ ನೋಡೇನಿ. ತಲಿ ಹಿಂದ ಎರಡು ಕಪ್ಪ ಪಟ್ಟಿ, ಕುತ್ತಿಗಿ ಬಾಜೂಕ ಬಿಳೆ ಗೀರು. ಹೊತ್ತು ಮುಳುಗಿದ್ರ ಗುಂಪು ಕಟಗೊಂಡು ಶೇಂಗಾ ಹೊಲಕ್ಕ ಹಾರತಾವು. ಈ ಬಾತಿನ ಸಲುವಾಗಿ 2024ರಾಗ ಆ ಕೆರಿ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೂ ಏರಿತು.

"ಹಂಗಾರ ನಮ್ಮ 'ಯಾವಾಗ' ಯಾವುದಬೇ?" ಅಂದ್ರು ಮಾಸ್ತರು.

"ನಮ್ಮ ಮುಂಡರಗಿ ಹೊಲ ಕೇಳ್ರಿ. ಕಡ್ಲಿ, ಜ್ವಾಳದ ರಾಶಿ ಮುಗಿಯೂದ್ರಾಗ ಹೋಳಿ ಹುಣ್ಣಿವಿ. ರೋಹಿಣಿ ಮಳಿ ಬಿತ್ತಂದ್ರ ಹೆಸರು ಬಿತ್ತಿಗಿ. ನಡುವ ಇರೂದ ನಮ್ಮ ರಜಾ."

ಲೆಕ್ಕಾ ಕೂಡೇ ಬಿಡ್ತು. ಕೇದಾರದ ಬಾಗಲಾ ತಗಿಯೂ ದಿನಾನ ಶಿವರಾತ್ರಿಗೆ ಉಖೀಮಠದಾಗ ಸಾರತಾರ. ಅಲ್ಲಿ ಹಿರೇ ಪೂಜಾರಿ ರಾವಲರೂ ವೀರಶೈವ ಜಂಗಮರ, ದೂರದ ಊರಂತ ಅನಸೂದಿಲ್ಲ. ರೈಲ್ವೆ ರಿಸರ್ವೇಶನ್ 60 ದಿನಾ ಮೊದ್ಲ ಚಾಲೂ ಆಗತೈತಿ. ಶಿವರಾತ್ರಿ ಉಪಾಸ ಬಿಟ್ಟು ಕುಂತ್ರ ಟಿಕೆಟ್‌ಗೆ ಟೈಮ್ ಐತಿ.

"ಕಾಶಿ?"

"ಬ್ಯಾಸಗಿ ಮಟ್ಟಿಗೆ ಲಕ್ಕುಂಡಿ ಕಾಶಿ ವಿಶ್ವೇಶ್ವರ ಸಾಕ್ರಿ ಸರ. ಸಿಟಿ ಬಿಟ್ರ ಹನ್ನೆರಡು ಕಿಲೋಮೀಟರ್."

ಮಾಸ್ತರು ಅಷ್ಟಕ್ಕ ಬಿಡವಲ್ರು. "ಮಳಿ ಜೋರು ತಗ್ಗಿದಮ್ಯಾಲ ಕೇರಳ? ಓಣಂ ಹೊತ್ತಿಗೆ?"

ಅಕ್ಕಾರು ಸೊಪ್ಪಿನ ಮೊರ ಎತಗೊಂಡು ಎದ್ರು. "ಹೋಗಿ ಬರ್ರಿ. ಹೆಸರು ಬಿಡಸಾಕ ಆಳು ಹಚ್ಚಿ ಹೋಗ್ರಿ ಮತ್ತ, ಈಗಿನ ಪಗಾರ ಕೇಳಿದ ಮ್ಯಾಲ."