ವೇದಿಕಾಖಂಡನ: ಊರ ಜನಪದ ಸಂಜೆ ಕುರಿತ ಒಂದು ಶಾಸ್ತ್ರವಿವೇಚನೆ

ಜನಪದ ಹಾಡಿನ ಮೇಲೆ ಪಿಎಚ್‌.ಡಿ.ಗಳಿವೆ, ಸಂಪುಟಗಟ್ಟಲೆ ಸಂಗ್ರಹಗಳಿವೆ, ಎಚ್‌.ಎಲ್‌. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವೇ ಇದೆ. ಆದರೆ ಊರ ಸಮುದಾಯ ಭವನಕ್ಕೆ ಆ ಹಾಡು ಕೇಳಲು ಬಂದವರು ಎಲ್ಲಿ ಕೂರಬೇಕು ಎಂಬ ಪ್ರಶ್ನೆಗೆ ಪಂಡಿತರು ತಲೆ ಕೆಡಿಸಿಕೊಂಡಂತಿಲ್ಲ. ಈ ಕೊರತೆ ನೀಗಲು ಹೊರಟ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟು: ವೇದಿಕೆ ಎತ್ತರವಾದಷ್ಟೂ ಹಾಡು ಗಿಡ್ಡವಾಗುತ್ತದೆ. ಇದನ್ನು ‘ವೇದಿಕಾವಿಲೋಮ ನ್ಯಾಯ’ ಎಂದು ಕರೆಯೋಣ. ಸಂಸ್ಕೃತದ ಹೆಸರಿಲ್ಲದ ಸಿದ್ಧಾಂತಕ್ಕೆ ವಿಚಾರ ಸಂಕಿರಣಗಳಲ್ಲಿ ಪ್ರಯಾಣಭತ್ಯೆ ಹುಟ್ಟುವುದಿಲ್ಲ.

ಮೊದಲ ಪ್ರಮಾಣ, ಕಾಲ. ಹೊಗೆಯಿದ್ದಲ್ಲಿ ಬೆಂಕಿಯಿರುವಂತೆ ವೇದಿಕೆಯಿದ್ದಲ್ಲಿ ಕುರ್ಚಿ, ಕುರ್ಚಿಯಿದ್ದಲ್ಲಿ ಗಣ್ಯರು, ಗಣ್ಯರಿದ್ದಲ್ಲಿ ಹಾರ, ಶಾಲು, ಮೈಸೂರು ಪೇಟ, ನೆನಪಿನ ಕಾಣಿಕೆ. 6 ಗಂಟೆಯ ಕಾರ್ಯಕ್ರಮ 7ಕ್ಕೆ ಶುರುವಾಗುವುದು ಲೋಕರೂಢಿ. ಆಮೇಲೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ; ದೀಪ ಬೆಳಗಲು ಫ್ಯಾನು ನಿಲ್ಲಿಸುವುದು, ಬತ್ತಿ ಹತ್ತದಿರುವುದು, ಇನ್ನೊಂದು ಕಡ್ಡಿಪೆಟ್ಟಿಗೆಗಾಗಿ ಅಡುಗೆಮನೆಗೆ ಓಡುವುದು; ಕೊನೆಗೆ ಐವರು ಅತಿಥಿಗಳ ತಲಾ ‘ಎರಡೇ ಮಾತು’. ಅಷ್ಟರಲ್ಲಿ ಒಂಬತ್ತೂವರೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರ ಮೇಲೆ ಧ್ವನಿವರ್ಧಕ ಕೂಗುವಂತಿಲ್ಲ. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಉಂಟು, ನಿಜ. ಆದರೆ ನಮ್ಮ ಸಮುದಾಯ ಭವನಗಳ ಕಿಟಕಿಗಳಿಗೆ ಗಾಜಿರುವುದು ಉದ್ಘಾಟನೆಯ ದಿನ ಮಾತ್ರ. ಹೀಗಾಗಿ ಮಲೆಯ ಮಾದೇಶ್ವರನ ಕಥೆಯನ್ನು ಇರುಳಿಡೀ ಹಾಡಬಲ್ಲ ದೇವರಗುಡ್ಡರ ಕಿವಿಯಲ್ಲಿ ನಿರೂಪಕರು ‘ಸಮಯದ ಅಭಾವ, ಐದೇ ನಿಮಿಷ ಸ್ವಾಮಿ’ ಎಂದು ಉಸುರುತ್ತಾರೆ. ಮಾದಪ್ಪ ಹುಟ್ಟುವ ಮೊದಲೇ ವಂದನಾರ್ಪಣೆ ಆಗಿಹೋಗುತ್ತದೆ.

ಎರಡನೆಯ ಪ್ರಮಾಣ, ರೇಖಾಗಣಿತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ‘ಎಲ್ಲರಿಗೂ ಆದರದ ಸ್ವಾಗತ’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದರೆ ಸಾಲದು. ಗಾಲಿಕುರ್ಚಿಯ ಇಳಿಜಾರಿಗೆ ಒಪ್ಪಿತ ಪ್ರಮಾಣ 1:12. ಮೂರು ಅಡಿ ಎತ್ತರದ ವೇದಿಕೆಗೆ ಮೂವತ್ತಾರು ಅಡಿ ಇಳಿಜಾರು ಬೇಕು. ನಲವತ್ತು ಅಡಿ ಅಗಲದ ಭವನದಲ್ಲಿ ಅದನ್ನು ಕಟ್ಟಿದರೆ ಕಲಾವಿದರು ಮೇಲೇರಬಹುದು, ಕೇಳುಗರು ಮಾತ್ರ ಬೀದಿಯಲ್ಲಿ ನಿಲ್ಲಬೇಕು. ವೇದಿಕೆಯ ಎತ್ತರವನ್ನು ಸೊನ್ನೆ ಮಾಡಿದರೆ ಇಳಿಜಾರಿನ ಉದ್ದವೂ ಸೊನ್ನೆ, ಅದರ ಟೆಂಡರೂ ಸೊನ್ನೆ. ಇಷ್ಟು ಅಗ್ಗದ ಪರಿಹಾರ ಈವರೆಗೆ ಯಾವ ಸಮಿತಿಗೂ ರುಚಿಸದಿರುವುದಕ್ಕೆ ಈ ಕೊನೆಯ ಸೊನ್ನೆಯೇ ಕಾರಣವಿರಬೇಕು.

ಮೂರನೆಯ ಪ್ರಮಾಣ, ಹಾಡಿನ ಸ್ವಭಾವ. ಬೀಸುವ ಪದ ಬೀಸುಕಲ್ಲಿನ ಮುಂದೆ ಹುಟ್ಟಿತು, ಸೋಬಾನೆ ಮದುವೆಯ ಚಪ್ಪರದಲ್ಲಿ. ನೀಲಗಾರರ ತಂಬೂರಿ ಕಥೆಯಲ್ಲಿ ಮುಂದಾಳು ಹಾಡಿದ್ದಕ್ಕೆ ಹಿಮ್ಮೇಳದವರು ಸೊಲ್ಲು ಕೊಡುತ್ತಾರೆ; ಗೀಗೀ ಪದ ತನ್ನ ಹೆಸರನ್ನೇ ಹಿಮ್ಮೇಳದ ಪಲ್ಲವಿಯಿಂದ ಪಡೆದಿದೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹರದೇಶಿ-ನಾಗೇಶಿಯವರು ಸವಾಲ್-ಜವಾಬಿಗೆ ನಿಂತಾಗ ಜಗಳ ಬಿಡಿಸುವಷ್ಟು ಹತ್ತಿರ ಕೂತವನೇ ನಿಜವಾದ ಕೇಳುಗ. ಅವನನ್ನು ಮೂವತ್ತು ಅಡಿ ದೂರ ತಳ್ಳಿದರೆ ಸೊಲ್ಲು ಹಿಡಿಯಬೇಕಾದ ಬಾಯಿ ಸುಮ್ಮನಾಗಿ, ಕೈ ಮೊಬೈಲು ಎತ್ತುತ್ತದೆ.

ಈಗ ಪೂರ್ವಪಕ್ಷ. ‘ವೇದಿಕೆಯಿಲ್ಲದಿದ್ದರೆ ಹಿಂದಿನವರಿಗೆ ಕಾಣುವುದಿಲ್ಲ’ ಎನ್ನುವರು. ಅರ್ಧಚಂದ್ರಾಕಾರವಾಗಿ ಕೂರಿಸಿದರೆ ಹಿಂದಿನವರೇ ಕಡಿಮೆ: ಮುಂದೆ ಜಮಖಾನ, ಮಂಡಿನೋವಿನವರಿಗೆ ಅದರ ಹಿಂದೆ ಕುರ್ಚಿ, ಗಾಲಿಕುರ್ಚಿಗೆ ಬಾಗಿಲ ಮೂಲೆಯಲ್ಲಲ್ಲ, ಮೊದಲ ಸಾಲಿನ ಬದಿಯಲ್ಲೇ ಜಾಗ. ‘ದೊಡ್ಡಾಟಕ್ಕೆ ಅಟ್ಟ ಕಟ್ಟುವುದಿಲ್ಲವೇ?’ ಎಂಬ ಆಕ್ಷೇಪ ಗಟ್ಟಿಯಾದದ್ದು, ಒಪ್ಪಬೇಕು. ಆದರೆ ಅದು ಇಡೀ ಊರು ನೋಡುವ ಆಟ. ಮೇಲಾಗಿ ಅಟ್ಟದ ಮೇಲೆ ಸಿಂಹಾಸನ ರಾಜವೇಷದವನಿಗೆ ಮೀಸಲು, ಅಲ್ಲಿ ಮುಖ್ಯ ಅತಿಥಿ ಕೂತರೆ ಭಾಗವತನೇ ಎಬ್ಬಿಸುತ್ತಾನೆ. ‘ಕಲಾವಿದರನ್ನು ನೆಲದ ಮೇಲೆ ಕೂರಿಸುವುದು ಅವಮಾನವಲ್ಲವೇ?’ ಎಂಬುದು ಮೂರನೆಯ ಆಕ್ಷೇಪ. ಕಲಾವಿದರಿಗೆ ಅವಮಾನವಾಗುವುದು ನೆಲದಿಂದಲ್ಲ, ಕಾರ್ಯಕ್ರಮ ಮುಗಿದ ಮೇಲೆ ಖಜಾಂಚಿಯನ್ನು ಹುಡುಕಿಕೊಂಡು ಅಲೆಯುವುದರಿಂದ. ಸಂಭಾವನೆಯ ಕವರು ಹಾಡಿಗೆ ಮೊದಲೇ ಕೈಸೇರಲಿ, ಊಟ ಬಿಸಿಯಾಗಿರಲಿ, ಕೊನೆಯ ಬಸ್ಸು ತಪ್ಪದಿರಲಿ. ಶಾಲು ತೋರಿಸಿದರೆ ಕಂಡಕ್ಟರು ಟಿಕೆಟ್ ಹರಿಯುವುದಿಲ್ಲ.

ಉಳಿದದ್ದು ನಾಲ್ಕನೆಯ, ಅತ್ಯಂತ ಬಲವಾದ ಪೂರ್ವಪಕ್ಷ: ‘ವೇದಿಕೆಯಿಲ್ಲದೆ ಗಣ್ಯರು ಬರುವುದಿಲ್ಲ, ಗಣ್ಯರಿಲ್ಲದೆ ದೇಣಿಗೆ ಬರುವುದಿಲ್ಲ.’ ಪ್ರಬಂಧಕಾರರು ಕ್ರೂರಿಗಳಲ್ಲ. ಕಟ್ಟಿರುವ ವೇದಿಕೆಯನ್ನು ಕೆಡವಬೇಕಾಗಿಲ್ಲ. ಗಣ್ಯರನ್ನು ಹಾರ, ಪೇಟ, ಶಾಲುಗಳ ಸಮೇತ ಅಲ್ಲೇ ಕೂರಿಸಿ, ಹಾಡನ್ನು ಕೆಳಗೆ ಜನರ ನಡುವೆ 6 ಗಂಟೆಗೇ ಆರಂಭಿಸತಕ್ಕದ್ದು. ಮೈಕನ್ನು ಮಾತ್ರ ಮೇಲೆ ಒಯ್ಯಕೂಡದು. ಎಲ್ಲರಿಗಿಂತ ಚೆನ್ನಾಗಿ ಕಾಣುವ ಜಾಗ ಸಿಕ್ಕಿತೆಂದು ಅವರಿಗೂ ಸಂತೋಷ. ಎರಡೇ ಮಾತು ಆಡಲೇಬೇಕೆಂಬ ತುಡಿತ ಎದ್ದವರು ಧಾರಾಳವಾಗಿ ಕೆಳಗಿಳಿದು ಬಂದು, ಜಮಖಾನದ ಮೇಲೆ ಕೂತು, ಸೊಲ್ಲು ಹಿಡಿಯಬಹುದು.