ಗಾಡಿ ತೊಳೆದು ಗೋಪಿನಾಥಂಗೆ ಹೊರಟವರು

ಕಾರು ಇಟ್ಟುಕೊಂಡವರಲ್ಲಿ ಮೂರು ಪಂಗಡ. ಹೊರಡುವ ಮುಂಚೆ ತೊಳೆಯುವವರು, ಬಂದ ಮೇಲೆ ತೊಳೆಯುವವರು, ಮಳೆಗೆ ಬಿಟ್ಟು ಸುಮ್ಮನಿರುವವರು. ನಾನು ಮೂರನೆಯ ಪಂಗಡದ ಆಜೀವ ಸದಸ್ಯ. ಎರಡನೆಯವರ ಮೇಲೆ ಗೌರವವಿದೆ. ಮೊದಲನೆಯವರನ್ನು ಕಂಡರೆ ಮಾತ್ರ ಅಚ್ಚರಿ. ಇಸ್ತ್ರಿ ಹಾಕಿದ ಪಂಚೆ ಉಟ್ಟು ನಾಟಿ ಗದ್ದೆಗೆ ಇಳಿಯುವವರ ಹಾಗೆ ಕಾಣುತ್ತಾರೆ. ಅವರಿಗೆ ಬುದ್ಧಿ ಹೇಳುವ ಗೋಜಿಗೆ ಹೋಗಬಾರದು. ಒಂದು ಸಲ ಕೊಳ್ಳೇಗಾಲದಿಂದ ಗೋಪಿನಾಥಂಗೆ ಕಳಿಸಿಕೊಟ್ಟರೆ ಸಾಕು.

ದಾರಿ ತಿಳಿಯದವರಿಗೆ ಹೇಳಿಬಿಡುತ್ತೇನೆ. ಕೊಳ್ಳೇಗಾಲ ಬಿಟ್ಟರೆ ಹನೂರು, ಆಮೇಲೆ ಕೌದಳ್ಳಿ, ಆಮೇಲೆ ತಾಳಬೆಟ್ಟ. ಅಲ್ಲಿಂದ ತಿರುವುಗಳ ಮೇಲೆ ತಿರುವು ಹತ್ತಿ ಮಲೆ ಮಹದೇಶ್ವರ ಬೆಟ್ಟ. ಮಾದಪ್ಪನಿಗೆ ಕೈಮುಗಿದು ಆಚೆ ಇಳಿದರೆ ಪಾಲಾರ್. ಒಂದು ದಾರಿ ತಮಿಳುನಾಡಿನ ಮೆಟ್ಟೂರಿಗೆ, ಇನ್ನೊಂದು ಕಾಡೊಳಗೆ ನುಗ್ಗಿ ಗೋಪಿನಾಥಂಗೆ, ಮುಂದೆ ಹೊಗೇನಕಲ್ಲಿಗೆ. ಇಷ್ಟು ದಾರಿಯಲ್ಲಿ ಗಾಡಿಗೆ ಒಂದೊಂದು ಊರೂ ತನ್ನ ಕಾಣಿಕೆ ಸಲ್ಲಿಸುತ್ತದೆ. ಕೊಳ್ಳೇಗಾಲದ ಸುತ್ತ ಕರಿಕಲ್ಲು ಹೊತ್ತ ಲಾರಿಗಳ ಬೂದುಬಣ್ಣದ ಹುಡಿ. ಹನೂರಿನಿಂದಾಚೆ ಕೆಮ್ಮಣ್ಣು. ಬೆಟ್ಟದ ಮೇಲೆ ಕೋತಿಗಳು. ಅವು ಬಾನೆಟ್ಟಿನ ಮೇಲೆ ಕೂತು, ಪ್ರಸಾದದ ಬಾಳೆಹಣ್ಣು ಸುಲಿದು ತಿಂದು, ಅಂಟುಗೈಯನ್ನು ಗಾಜಿಗೆ ಒರೆಸಿ ಹೋಗುತ್ತವೆ. ಇಳಿಯುವಾಗ ಬ್ರೇಕಿನ ಕಪ್ಪು ಪುಡಿ ಚಕ್ರಕ್ಕೆ. ಪಾಲಾರ್ ದಾಟಿದ ಮೇಲೆ ಮುಂದಿನ ಗಾಡಿ ಎಬ್ಬಿಸಿದ್ದೆಲ್ಲ ನಿಮ್ಮದೇ.

ಬೆಂಗಳೂರಿನ ರಾಜಾಜಿನಗರದಲ್ಲಿರುವ ನನ್ನ ಭಾವಮೈದುನ ಮೊದಲನೆಯ ಪಂಗಡದವನು. ಅವನ ಡಿಕ್ಕಿ ತೆಗೆದರೆ ಬಟ್ಟೆಬರೆಗೆ ಜಾಗವಿಲ್ಲ. ಎರಡು ಬಕೆಟ್, ಒಂದು ಶಾಂಪೂ ಬಾಟಲಿ, ಗಾಜಿಗೊಂದು ಬಟ್ಟೆ, ಮೈಗೊಂದು ಬಟ್ಟೆ, ಚಕ್ರಕ್ಕೊಂದು ಬಟ್ಟೆ, ಡ್ಯಾಶ್‌ಬೋರ್ಡಿನ ಸಂದಿ ಗುಡಿಸಲು ಮದುವೆ ಮನೆಯ ಮೇಕಪ್ಪಿನವರ ಹತ್ತಿರ ಇರುವಂಥ ಬ್ರಷ್ಷು. ಈ ಬಟ್ಟೆ ಆ ಬಟ್ಟೆಯನ್ನು ಮುಟ್ಟುವಂತಿಲ್ಲ. ನಮ್ಮಜ್ಜಿಯ ಅಡುಗೆಮನೆಯಲ್ಲೂ ಅಷ್ಟು ಮಡಿ ಇರಲಿಲ್ಲ. ಕೌದಳ್ಳಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗಲೂ ಅವನು ಲೋಟವನ್ನು ಬಾನೆಟ್ಟಿನ ಮೇಲಿಡದೆ ಕೈಯಲ್ಲೇ ಹಿಡಿದು, ಇನ್ನೊಂದು ಕೈಯಲ್ಲಿ ಕನ್ನಡಿ ಒರೆಸುತ್ತಿದ್ದ. ಅಂಗಡಿಯವರು ಸ್ವಲ್ಪ ಹೊತ್ತು ನೋಡಿದರು. “ತೊಳದ್ರೂ ಅಷ್ಟೇಯಾ, ಬುಟ್ರೂ ಅಷ್ಟೇಯಾ. ಪಾಲಾರ್ ದಾಟ್ಲಿ ಬುಡಿ ಸಾ” ಎಂದರು. ಭಾವಮೈದುನ ನನ್ನ ಕಡೆ ತಿರುಗಿ, “ಭಾವ, ನೀವು ಹೇಳಿಕೊಟ್ಟಿದ್ದಾ?” ಎಂದ.

ಅವನ ಪರವಾಗಿಯೂ ಎರಡು ಮಾತು ಹೇಳಬೇಕು. ಎರಡು ಬಕೆಟ್ಟಿನ ಲೆಕ್ಕ ಸುಳ್ಳಲ್ಲ. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಗಾಡಿ ಉಜ್ಜಿದ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿ ಮರಳು ಬಿಟ್ಟ ಮೇಲೇ ಸೋಪಿಗೆ ಅದ್ದಬೇಕು. ಈಗಿನ ಕಾರುಗಳ ಬಣ್ಣದ ಮೇಲೆ ಪಾರದರ್ಶಕವಾದ ಒಂದು ಪದರ ಇರುತ್ತದೆ, ಹೊಳಪೆಲ್ಲ ಅದರದು. ಅದರ ದಪ್ಪ ಸುಮಾರಾಗಿ ಒಂದು ಮಿಲಿಮೀಟರಿನ 20ನೇ ಒಂದು ಪಾಲು. ಅದರ ಮೇಲೆ ಕೆಮ್ಮಣ್ಣಿನ ಹರಳಿಟ್ಟು ಒಣಬಟ್ಟೆಯಲ್ಲಿ ಉಜ್ಜಿದರೆ ಮರಳು ಕಾಗದದಲ್ಲಿ ತೀಡಿದಷ್ಟೇ ಪುಣ್ಯ. ಬಿಸಿಲಿಗೆ ನಿಲ್ಲಿಸಿ ಓರೆಯಾಗಿ ನೋಡಿ, ಜೇಡನ ಬಲೆ ನೇಯ್ದಂತೆ ಸುತ್ತು ಸುತ್ತು ಗೀರು ಕಾಣುವ ಕಾರುಗಳೆಲ್ಲ ದಿನಾ ಒರೆಸಿಕೊಂಡ ಕಾರುಗಳೇ.

ನನ್ನಂಥವರ ಪಾಲಿಗೆ ವಿಜ್ಞಾನ ಕೊಟ್ಟ ವರ ಇದು. ಹಿಂದೆ ತಾಲ್ಲೂಕು ಕಚೇರಿ ಮುಂದೆ ನಿಲ್ಲುತ್ತಿದ್ದ ಬಿಳಿ ಅಂಬಾಸಿಡರುಗಳನ್ನು ನೆನೆಸಿಕೊಳ್ಳಿ. ಸಾಹೇಬರು ಮೀಟಿಂಗಿಗೆ ಒಳಹೋದ ತಕ್ಷಣ ಡ್ರೈವರು ಹಳದಿ ಬಟ್ಟೆ ತೆಗೆದು ಪಟಪಟನೆ ಬಾನೆಟ್ಟಿಗೆ ಬಡಿಯಲು ಶುರು. ಸಾಹೇಬರು ಹೊರಬರುವವರೆಗೂ ಬಡಿತ. ಅದು ಶುಚಿಯೋ, ಸಮಯ ಕಳೆಯುವ ಉಪಾಯವೋ, ಕೆಲಸದಲ್ಲಿದ್ದೇನೆ ಎಂಬುದಕ್ಕೆ ಸಾಕ್ಷಿಯೋ, ಮೂರೂ ಹೌದೋ. ಗಾಡಿಯ ಬಣ್ಣಕ್ಕೆ ಮಾತ್ರ ಅದು ಹಿತವಾಗಿರಲಿಲ್ಲ. ಧೂಳು ಕೂತಲ್ಲೇ ಕೂತಿದ್ದರೆ ಬಣ್ಣಕ್ಕೆ ಅಂಥ ಕೇಡಿಲ್ಲ. ಕೇಡು ಮಾಡುವುದು ಹಕ್ಕಿ ಹಿಕ್ಕೆ. ಅದರಲ್ಲಿ ಆಮ್ಲ ಇರುತ್ತದೆ, ಬಿಸಿಲಿಗೆ ಕಾದ ತಗಡಿನ ಮೇಲೆ ಬಿದ್ದರೆ ಗುರುತು ಉಳಿಸಿಯೇ ಹೋಗುತ್ತದೆ. ನೆರಳಿನಾಸೆಗೆ ಮರದಡಿ ನಿಲ್ಲಿಸುವವರು ಒಂದು ಬಾಟಲಿ ನೀರು ಇಟ್ಟುಕೊಂಡಿದ್ದು, ಆಗಲೇ ನೆನೆಸಿ ತೆಗೆದರೆ ಒಳ್ಳೆಯದು. ಆಲಸಿಯಾದ ನಾನೂ ಇಷ್ಟನ್ನು ಮಾಡುತ್ತೇನೆ.

ನೀರಿನ ಮಾತು ಬಂತು. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಬರ ಬಡಿದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಕೆಲವೇ ದಿನಗಳಲ್ಲಿ ನೀರು ಪೋಲು ಮಾಡಿದ 22 ಮಂದಿಯಿಂದ 1.1 ಲಕ್ಷ ರೂಪಾಯಿ ವಸೂಲಿಯೂ ಆಯಿತು. ಭಾವಮೈದುನ ಆ ಬೇಸಿಗೆಯಲ್ಲಿ ತೀರ ಸೊರಗಿದ್ದ. ಫೋನು ಮಾಡಿದಾಗಲೆಲ್ಲ ಮನೆಯವರ ಆರೋಗ್ಯಕ್ಕಿಂತ ಮೊದಲು ಗಾಡಿಯ ಸ್ಥಿತಿ ಹೇಳುತ್ತಿದ್ದ. ಅವನ ನಲ್ಲಿಗೆ ಬರುವ ನೀರು ನಮ್ಮ ಕಡೆಯದೇ. ಶಿವನಸಮುದ್ರದ ಸಮೀಪ ಎತ್ತಿದ ಕಾವೇರಿ, ಹೊಳೆಯಾಚೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಏರಿ ರಾಜಾಜಿನಗರ ಮುಟ್ಟಬೇಕು. ಮಾದಪ್ಪನ ಬೆಟ್ಟ ಹತ್ತುವ ಪರಿಷೆಯವರೂ ಇಷ್ಟು ಪಾಡು ಪಡುವುದಿಲ್ಲ. ಅಲ್ಲಿ ಅದು ಕಾರಿನ ಮೇಲೆ ನೊರೆಯಾಗಿ ಇಳಿದು ಚರಂಡಿ ಸೇರಿದ ಮೇಲೂ ಕಥೆ ಮುಗಿಯುವುದಿಲ್ಲ. ಬೆಂಗಳೂರಿನ ಪಶ್ಚಿಮ ದಿಕ್ಕಿನ ಚರಂಡಿಗಳೆಲ್ಲ ವೃಷಭಾವತಿಗೆ, ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಕನಕಪುರದಾಚೆಯ ಸಂಗಮದಲ್ಲಿ ಮತ್ತೆ ಕಾವೇರಿಗೆ. ಕಾವೇರಿ ಮೇಕೆದಾಟು ದಾಟಿ, ಗೋಪಿನಾಥಂ ಕಾಡಿನ ಮಗ್ಗುಲಿಗೇ ಹಾದು ಹೊಗೇನಕಲ್ಲಿಗೆ.

“ನೋಡಪ್ಪಾ, ನೀನು ಇಲ್ಲಿಗೆ ಬರುವ ಮುಂಚೆಯೇ ನಿನ್ನ ಗಾಡಿ ತೊಳೆದ ನೀರು ಬಂದು ಕಾಯ್ತಾ ಇತ್ತು” ಎಂದೆ. ಅವನು ಸೋಲುವವನಲ್ಲ. “ನಂದು ಬಯೋಡಿಗ್ರೇಡಬಲ್ ಶಾಂಪೂ, ಭಾವ” ಎಂದ.

ಪೈಪು ಹಿಡಿದು ಬಿಟ್ಟರೆ ನೂರು ಲೀಟರು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ; ಬಕೆಟ್ಟಿನಲ್ಲಾದರೆ ಎರಡು ಬಕೆಟ್ಟಿಗೆ ಅದೇ ಕೆಲಸ. ಇದನ್ನು ಯೋಚಿಸುವಾಗೆಲ್ಲ ನನಗೆ ಬೆಟ್ಟದ ಹಾಲರವಿ ಉತ್ಸವ ನೆನಪಾಗುತ್ತದೆ. ದೀಪಾವಳಿಯಲ್ಲಿ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನ ಹಳ್ಳದಿಂದ ಕಳಸಗಳಲ್ಲಿ ನೀರು ಹೊತ್ತು ಬರಿಗಾಲಲ್ಲಿ ಬೆಟ್ಟಕ್ಕೆ ತರುತ್ತಾರೆ. ಮಾದಪ್ಪನ ಅಭಿಷೇಕ ಆ ನೀರಿನಲ್ಲಿ. ದೇವರೇ ಕಳಸದ ಲೆಕ್ಕದಲ್ಲಿ ಮೀಯುತ್ತಾನೆ. ಇನ್ನು ಅವನ ವಾಹನದ ವಿಚಾರಕ್ಕೆ ಬಂದರೆ, ಅದು ಹುಲಿ. ತನ್ನ ಮೈ ತಾನೇ ನೆಕ್ಕಿಕೊಂಡು ಶುಚಿಯಾಗುವ ಜಾತಿ. ಬೆಟ್ಟದಲ್ಲಿ 2023ರಲ್ಲಿ ಅನಾವರಣವಾದ 108 ಅಡಿಯ ಪ್ರತಿಮೆಯಲ್ಲೂ ಮಾದಪ್ಪ ಹುಲಿಯ ಮೇಲೇ ಕೂತಿದ್ದಾನೆ. ಆ ಹುಲಿಯನ್ನು ತೊಳೆಯುವ ಗುತ್ತಿಗೆ ಮಳೆಗೇ ಇರಬೇಕು. ಅಂದರೆ ಅದೂ ನಮ್ಮ ಪಂಗಡವೇ.

ಆಯುಧಪೂಜೆ ದಿನ ಮಾತ್ರ ನನ್ನ ಆಟ ನಡೆಯುವುದಿಲ್ಲ. ಮೈಸೂರು ಅರಮನೆಯಲ್ಲಿ ಪಟ್ಟದ ಆನೆ, ಕುದುರೆ, ಪಲ್ಲಕ್ಕಿಗಳ ಜೊತೆಗೆ ರಾಜಮನೆತನದ ಕಾರುಗಳಿಗೂ ಪೂಜೆಯಾಗುತ್ತದೆ. ಸಾರಿಗೆ ಡಿಪೋಗಳಲ್ಲಿ ಬಸ್ಸಿಗೆ ಬಾಳೆಕಂಬ ಕಟ್ಟುತ್ತಾರೆ. ನಮ್ಮ ಬೀದಿಯಲ್ಲಿ ಮಗುವಿನ ಮೂರು ಗಾಲಿ ಸೈಕಲ್ಲಿಗೂ ಕುಂಕುಮ. ಅಂಥ ದಿನ ಕೆಮ್ಮಣ್ಣು ಮೆತ್ತಿದ ಗಾಡಿಗೆ ಅರಿಶಿನ ಹಚ್ಚಲು ಹೋದರೆ ಎಲ್ಲಿ ಹಚ್ಚಿದೆ ಎಂದು ತಿಳಿಯುವುದಾದರೂ ಹೇಗೆ? ಮನೆಯವಳು ಹಳೇ ಪಂಚೆ ಕೈಗೆ ಕೊಟ್ಟು ಒಳಗೆ ಹೋಗುತ್ತಾಳೆ. ಮಾತಿಲ್ಲ. ತೊಳೆದಾಗ ಸೀಟಿನಡಿ ಏನೇನು ಸಿಗುತ್ತದೆ ನೋಡಿ: ಚಿಲ್ಲರೆ ಕಾಸು, ಬೆಟ್ಟದ ಲಾಡು ಪ್ರಸಾದದ ಖಾಲಿ ಕವರು, ಯಾವುದೋ ಮದುವೆಯ ತೆಂಗಿನಕಾಯಿ ಚೀಲ, ಕಳೆದುಹೋಯಿತೆಂದು ಜಗಳವಾಡಿದ್ದ ಕನ್ನಡಕದ ಡಬ್ಬಿ. ವರ್ಷಕ್ಕೊಂದು ಸಲ ಈ ಉತ್ಖನನ ಬೇಕು ಎಂದು ಒಪ್ಪುತ್ತೇನೆ. ಪೂಜೆಯಾಗಿ ನಿಂಬೆಹಣ್ಣು ಹತ್ತಿಸಿ ಗಾಡಿ ಮುಂದಕ್ಕೆ ತೆಗೆದರೆ, ಬೀದಿಯಲ್ಲಿ ಒಡೆದ ಬೂದುಗುಂಬಳಕಾಯಿಯ ತಿರುಳೆಲ್ಲ ಚಕ್ರಕ್ಕೆ. ತೊಳೆದ ಗಾಡಿ ಕೊಳೆಯಾಗಲು ಅಷ್ಟು ಹೊತ್ತೂ ಬೇಕಾಗುವುದಿಲ್ಲ.

ಗೋಪಿನಾಥಂ ಎಂದರೆ ಹೊರಗಿನವರಿಗೆ ಒಂದೇ ಹೆಸರು ನೆನಪಾಗುತ್ತದೆ. ವೀರಪ್ಪನ್ ಹುಟ್ಟಿದ ಊರು, ಅಷ್ಟೇ. ಊರಿನವರನ್ನು ಕೇಳಿದರೆ ಇನ್ನೊಂದು ಹೆಸರು ಹೇಳುತ್ತಾರೆ: ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಊರಿನ ಮಾರಿಯಮ್ಮನ ಗುಡಿ ಕಟ್ಟಿಸಿದವರು, ಜನಕ್ಕೆ ಔಷಧಿ ತಲುಪಿಸಿದವರು. ಶರಣಾಗುತ್ತೇನೆಂಬ ವೀರಪ್ಪನ್ ಮಾತು ನಂಬಿ ಹೋದ ಅವರನ್ನು 1991ರ ನವೆಂಬರ್ 10ರಂದು ಈ ಕಾಡಿನಲ್ಲೇ ಕೊಂದರು. ಮರಣೋತ್ತರವಾಗಿ ಕೀರ್ತಿಚಕ್ರ ಬಂತು. ಅವರು ಓಡಾಡುತ್ತಿದ್ದ ಜೀಪನ್ನು ಅರಣ್ಯ ಇಲಾಖೆ ದುರಸ್ತಿ ಮಾಡಿಸಿ ಅವರ ನೆನಪಿಗೆ ಉಳಿಸಿಕೊಂಡಿದೆ. ಆ ಗಾಡಿಯನ್ನು ಎಷ್ಟು ಒರೆಸಿದರೂ, ಎಷ್ಟು ಹೊಳಪು ಮಾಡಿದರೂ ನನ್ನ ತಕರಾರಿಲ್ಲ. ಈ ದಾರಿಯಲ್ಲಿ ದುಡಿದದ್ದಕ್ಕೆ ಅದು ಸಂಪಾದಿಸಿಕೊಂಡ ಮರ್ಯಾದೆ ಅದು. ನಮ್ಮ ಗಾಡಿಗಳು ಇಲ್ಲಿಗೆ ಬರುವುದು ಹೊಗೇನಕಲ್ಲಿನಲ್ಲಿ ಮೀನು ತಿನ್ನಲು.

ಗೋಪಿನಾಥಂನಲ್ಲಿ ನಾವು ಡ್ಯಾಮಿನ ಏರಿಯ ಕಡೆ ಹೋಗಿ ಬರುವಷ್ಟರಲ್ಲಿ ಹುಡುಗರ ಸೈನ್ಯ ಗಾಡಿಯ ಹಿಂದಿನ ಗಾಜಿನ ಮೇಲೆ ಕೈಬರಹ ತಿದ್ದಿಯಾಗಿತ್ತು. ಧೂಳು ಹದವಾಗಿ ಕೂತಿದ್ದರಿಂದ ಅಕ್ಷರ ಬಲು ದುಂಡಗೆ ಮೂಡಿದ್ದವು. ಮೇಲೆ ತಮಿಳಿನಲ್ಲಿ ಯಾವನದೋ ಹೆಸರು, ಕೆಳಗೊಂದು ಮೀನು, ನಡುವೆ ಕನ್ನಡದಲ್ಲಿ ದೊಡ್ಡದಾಗಿ “ಜೈ ಮಾದಪ್ಪ”. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಎರಡೂ ಸರಾಗ; ಗಡಿಯೂರಿನ ಮಕ್ಕಳಿಗೆ ಇದು ಲೆಕ್ಕವೇ ಅಲ್ಲ. ಭಾವಮೈದುನ ಗಾಜಿನ ಬಟ್ಟೆ ತೆಗೆದುಕೊಂಡು ಹೊರಟ. ಅವನಕ್ಕ ಕೈ ಅಡ್ಡ ಹಿಡಿದಳು.

“ಅದ್ರಲ್ಲಿ ದೇವರ ಹೆಸರಿದೆ ಕಣೋ.”

“ಅಕ್ಕಾ, ಧೂಳಲ್ಲಿ ಬರೆದಿರೋದು.”

“ಎಲ್ಲಿ ಬರೆದ್ರೇನು? ಒರೆಸಿ, ಆ ಬಟ್ಟೇನ ತಗೊಂಡೋಗಿ ಚಕ್ರದ ಬಟ್ಟೆ ಜೊತೆ ತುರುಕ್ತೀಯ ನೀನು.”

ಎಲ್ಲವನ್ನೂ ಬೇರೆ ಬೇರೆ ಇಡುವವನಿಗೆ ಈ ಆರೋಪ ತಡೆಯಲಾಗಲಿಲ್ಲ. ಆದರೂ ಅಕ್ಕನ ಮಾತು ಮೀರುವ ಧೈರ್ಯವಿಲ್ಲ. ಮೀನನ್ನು ಒರೆಸಿದ, ತಮಿಳು ಹೆಸರನ್ನೂ ಒರೆಸಲು ಹೋಗಿ, ಆ ಹುಡುಗ ಅಲ್ಲೇ ನಿಂತು ನೋಡುತ್ತಿದ್ದದ್ದು ಕಂಡು ಬಿಟ್ಟುಬಿಟ್ಟ. ಹೀಗೆ ರಾಜಾಜಿನಗರದ ಅತ್ಯಂತ ಶುಚಿಯಾದ ಕಾರು “ಜೈ ಮಾದಪ್ಪ” ಎಂದು ಬರೆಸಿಕೊಂಡೇ ಬೆಟ್ಟ ಹತ್ತಿ, ಇಳಿದು, ಕೊಳ್ಳೇಗಾಲಕ್ಕೆ ಬಂತು. ದಾರಿಯುದ್ದಕ್ಕೂ ಹಿಂದಿನಿಂದ ಬಂದ ಟೆಂಪೋದವರು ಹಾರ್ನ್ ಹೊಡೆದು ಉಘೇ ಎನ್ನುತ್ತಿದ್ದರು. ಮೊದಮೊದಲು ಮುಖ ಸಿಂಡರಿಸಿದವನು ಕೌದಳ್ಳಿಗೆ ಬರುವಷ್ಟರಲ್ಲಿ ತಾನೂ ಹಾರ್ನ್ ಹೊಡೆದು ಉತ್ತರ ಕೊಡತೊಡಗಿದ್ದ. ನಮ್ಮ ಮನೆ ಮುಂದೆ ನಿಂತ ಗಾಡಿಯನ್ನು ಆ ರಾತ್ರಿಯ ಮಳೆ ತೊಳೆಯಿತು. ಯಾರ ಭಕ್ತಿಗೂ ಭಂಗ ಬರಲಿಲ್ಲ.

ಹಾಗಾದರೆ ಗಾಡಿಗೆ ಎಷ್ಟು ಸೇವೆ ಮಾಡಬೇಕು? ನನ್ನ ಪಟ್ಟಿ ಚಿಕ್ಕದು. ಮುಂದಿನ ಹಿಂದಿನ ಗಾಜು, ಕನ್ನಡಿ, ದೀಪಗಳು ಶುಚಿಯಾಗಿರಬೇಕು. ಕಾಡುದಾರಿಯಲ್ಲಿ ಮುಸ್ಸಂಜೆಯ ಹೊತ್ತು ಎದುರಿಗೆ ಆನೆ ನಿಂತಿದ್ದರೆ ಮೊದಲು ನಮಗೆ ಕಾಣಬೇಕು. ನಂಬರ್ ಪ್ಲೇಟು ಪೊಲೀಸರಿಗೆ ಕಾಣಬೇಕು. ಮಿಕ್ಕದ್ದು ನೆರೆಮನೆಯವರ ಕಣ್ಣಿಗಾಗಿ, ಅದನ್ನು ಅವರವರ ನೆರೆಮನೆಗೆ ತಕ್ಕಂತೆ ಮಾಡಿಕೊಳ್ಳಬಹುದು. ಇನ್ನೊಂದು ಜಾಗವಿದೆ, ಶಾಂಪೂ ಬಾಟಲಿ ಇಟ್ಟುಕೊಂಡವರೂ ಬಗ್ಗಿ ನೋಡದ ಜಾಗ: ಗಾಡಿಯ ಅಡಿ.

ಸುಗ್ಗಿಯಲ್ಲಿ, ಡಿಸೆಂಬರ್ ಜನವರಿ ಹೊತ್ತಿಗೆ, ನಮ್ಮ ಕಡೆ ರಾಗಿ ಹುರುಳಿಗೆ ಟಾರು ರಸ್ತೆಯೇ ಕಣ. ಬೆಳೆ ಹರಡಿರುತ್ತಾರೆ, ಹೋಗಿ ಬರುವ ಗಾಡಿಗಳು ತುಳಿದು ಒಕ್ಕಣೆ ಮಾಡಿಕೊಡಬೇಕು. ರಾಗಿ ಹುಲ್ಲು ಅಷ್ಟಾಗಿ ಕಾಡುವುದಿಲ್ಲ. ಹುರುಳಿ ಬಳ್ಳಿ ಮಾತ್ರ ಆಕ್ಸಲ್ಲಿಗೆ ಹಗ್ಗದಂತೆ ಸುತ್ತಿಕೊಂಡು, ಬಿಸಿ ಸೈಲೆನ್ಸರಿಗೆ ತಗುಲಿ ಹೊತ್ತಿಕೊಳ್ಳುತ್ತದೆ. ಹಾಗೆ ಸುಟ್ಟುಹೋದ ಕಾರುಗಳ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಆ ತಿಂಗಳುಗಳಲ್ಲಿ ಈ ಕಡೆ ಬರುವವರಿದ್ದರೆ ಮನೆಯಲ್ಲಿ ಗಾಡಿ ತೊಳೆಯುತ್ತ ಹೊತ್ತು ಕಳೆಯಬೇಡಿ. ಹುರುಳಿ ಕಣ ದಾಟಿದ ಮೇಲೆ ನೂರು ಮಾರು ಮುಂದೆ ಹೋಗಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಟವೆಲ್ ಹಾಸಿ, ಬಗ್ಗಿ ನೋಡಿ. ಬಳ್ಳಿ ಸುತ್ತಿದ್ದರೆ ಸೈಲೆನ್ಸರ್ ಮುಟ್ಟದೆ ಎಳೆದು ಹಾಕಿ. ಅಂಗಿಗೆ ಮಣ್ಣಾಗುತ್ತದೆ, ಆಗಲಿ.