ಡಾಲರ್ ಯಜಮಾನರು

ದಾವಣಗೆರೆಯ ವಿದ್ಯಾನಗರದಲ್ಲಿಯೂ ಹರಿಹರದ ಹಳೆಯ ಓಣಿಗಳಲ್ಲಿಯೂ ಹೇರಳವಾಗಿ ಕಾಣಸಿಗುವ ಡಾಲರ್ ಯಜಮಾನರೆಂಬ ವರ್ಗದ ಮುಖ್ಯ ಲಕ್ಷಣಗಳು ಎರಡು: ಮಗ ಅಮೆರಿಕದಲ್ಲಿರುವುದು, ಮತ್ತು ಅವನು ಕಳಿಸಿದ ಹಣ ಊರು ಮುಟ್ಟದೆ ತಿರುಗಿ ಹೋಗುವುದು. ಇವರಲ್ಲಿ ಹರಿಹರದವರು ಬಹುಮಟ್ಟಿಗೆ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳ ಮುಂದೆ ಆಯುಷ್ಯ ಸವೆಸಿದವರಾದ್ದರಿಂದ, ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸುವುದಿಲ್ಲ. ಸ್ವಂತ ಹೆಸರಿನ ವಿಷಯದಲ್ಲಿ ಮಾತ್ರ ಅವರದು ಅಪಾರ ಔದಾರ್ಯ. ಪಾಸ್‌ಬುಕ್ಕಿನಲ್ಲಿ ‘ಬಿ.ಎಂ. ಬಸವರಾಜಪ್ಪ’ನಾಗಿರುವವರು ಆಧಾರ್ ಕಾರ್ಡಿನಲ್ಲಿ ‘ಬಸವರಾಜ್’ ಆಗಿರುತ್ತಾರೆ. ಅಮೆರಿಕದ ಅರ್ಜಿ ಕೊನೆಯ ಹೆಸರನ್ನೂ ಕೇಳುವುದರಿಂದ ಮಗರಾಯ ಇನಿಷಿಯಲ್ಲನ್ನು ಬಿಡಿಸಿ ‘ಬೆಳ್ಳೂಡಿ ಮಲ್ಲಪ್ಪ’ ಎಂದು ತುಂಬಿ, ಎಂದೋ ಲಿಂಗೈಕ್ಯರಾದ ತಾತನಿಗೆ ಹಣ ಕಳಿಸಿರುತ್ತಾನೆ. ಖಾತೆಯ ಹೆಸರು ತಾಳೆಯಾಗದಿದ್ದರೆ ಬ್ಯಾಂಕು ಹಣವನ್ನು ತಡೆಯುತ್ತದೆ, ಇಲ್ಲವೇ ಹಿಂದಿರುಗಿಸುತ್ತದೆ.

ಎರಡನೆಯ ತೊಡಕು ಸ್ವಿಫ್ಟ್ ಕೋಡಿನದು. 1973ರಲ್ಲಿ ಬೆಲ್ಜಿಯಂನಲ್ಲಿ ಸ್ಥಾಪಿತವಾದ ಸಂದೇಶಜಾಲದಲ್ಲಿ ಪ್ರತಿ ಬ್ಯಾಂಕಿಗೂ ಇರುವ 8 ಅಥವಾ 11 ಅಕ್ಷರಗಳ ವಿಳಾಸವಿದು. ಚೆಕ್ಕಿನ ಮೇಲಿನ ಐಎಫ್‌ಎಸ್‌ಸಿ ದೇಶದೊಳಗಿನ ವರ್ಗಾವಣೆಗೆ ಮೀಸಲಾದದ್ದಾದರೂ, ಅದರಲ್ಲಿಯೂ 11 ಅಕ್ಷರಗಳೇ ಇರುವುದರಿಂದ ಎರಡೂ ಒಂದೇ ಎಂಬುದು ಯಜಮಾನರ ಸಿದ್ಧಾಂತ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡು, ಅದರ ಹಳೆಯ ಕೋಡುಗಳು 2021ರ ಜುಲೈಯಿಂದ ರದ್ದಾದವು. ಆದರೆ ಜಗಲಿಯ ಮೇಲೆ ವಿಭೂತಿಗಟ್ಟಿಯ ಪಕ್ಕದಲ್ಲಿ ಹಳೆಯ ಪಾಸ್‌ಬುಕ್ಕಿಟ್ಟು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರವನ್ನು ಫೋನಿನಲ್ಲಿ ಕೂಗಿ ಹೇಳುವವರು ಇನ್ನೂ ಇದ್ದಾರೆ.

ಬೆಣ್ಣೆದೋಸೆ ಮುಗಿಸಿ ಬ್ಯಾಂಕಿಗೆ ಬಂದ ಯಜಮಾನರನ್ನು ಗುಮಾಸ್ತೆ ಹಣದ ಉದ್ದೇಶವನ್ನು ಕೇಳಿದಳೆಂದರೆ ಅನಾಹುತವೇ. ವಿದೇಶದಿಂದ ಬರುವ ಹಣಕ್ಕೆ ರಿಸರ್ವ್ ಬ್ಯಾಂಕ್ ನಿಗದಿಪಡಿಸಿದ ಉದ್ದೇಶಸಂಕೇತ ಬೇಕು, ಕುಟುಂಬ ನಿರ್ವಹಣೆಗಾದರೆ ಅದು ‘ಪಿ1301’ ಎಂದು ಆಕೆ ವಿವರಿಸುವಷ್ಟರಲ್ಲಿ, “ಮಗ ಅಪ್ಪಂಗೆ ರೊಕ್ಕ ಕಳ್ಸಾಕೂ ಕಾರಣ ಬೇಕೇನಮ್ಮಾ?” ಎಂಬ ಗರ್ಜನೆ ಹೊರಬಾಗಿಲನ್ನು ದಾಟಿರುತ್ತದೆ. ನಡುವಿನ ಬ್ಯಾಂಕುಗಳು ಮುರಿದುಕೊಳ್ಳುವ ಶುಲ್ಕವಂತೂ ಸಂಜೆಯ ಮಂಡಕ್ಕಿ-ಮಿರ್ಚಿಯ ಗೋಷ್ಠಿಯಲ್ಲಿ ಅಮೆರಿಕದ ಪಿತೂರಿಯಾಗಿ ಮಂಡಿತವಾಗುತ್ತದೆ.

ಪರಿಹಾರ ಅಷ್ಟೇನೂ ಗಹನವಲ್ಲ. ಮಗ ತನ್ನ ಬ್ಯಾಂಕಿನಿಂದ ಯುಇಟಿಆರ್ ಎಂಬ, ವರ್ಗಾವಣೆಯ ಜಾಡು ತೋರಿಸುವ ಸಂಖ್ಯೆಯನ್ನು ಪಡೆದರೆ ಹಣ ಎಲ್ಲಿ ಸಿಕ್ಕಿಕೊಂಡಿದೆಯೆಂದು ಹುಡುಕಿಸಬಹುದು. ಅದು ವಾಪಸಾಗಿದ್ದರೆ, ಪಾಸ್‌ಬುಕ್ಕಿನಲ್ಲಿರುವಂತೆಯೇ ಹೆಸರು ಬರೆದು, ಶಾಖೆಗೆ ಸ್ವಂತ ಸ್ವಿಫ್ಟ್ ಕೋಡ್ ಇಲ್ಲದಿದ್ದಲ್ಲಿ ಬ್ಯಾಂಕು ಸೂಚಿಸುವ ವಿದೇಶಿ ವಿನಿಮಯ ಶಾಖೆಯ ಕೋಡನ್ನು ನಮೂದಿಸಿ ಮತ್ತೆ ಕಳಿಸಬೇಕು. ಗುಮಾಸ್ತೆ ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಡುತ್ತಾಳೆ, ಮಗ ಹಾಗೆಯೇ ಮಾಡುತ್ತಾನೆ, ಹಣವೂ ಬರುತ್ತದೆ. ತಾವು ಮ್ಯಾನೇಜರನ್ನು ಗದರಿಸಿದ್ದರಿಂದಲೇ ಅದು ಬಂದಿತೆಂಬ ಯಜಮಾನರ ನಂಬಿಕೆಗೆ ಮಾತ್ರ ಯಾವ ಬ್ಯಾಂಕಿನಲ್ಲಿಯೂ ಮದ್ದಿಲ್ಲ.